ಕೀಲಿ ಸರಕಾರದ್ದು

ಹುಬ್ಬಳ್ಳಿಯಿಂದ ರಾತ್ರಿ ಹೊರಟ ರೈಲು ಪುಣೆ ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸ್ಟೇಷನ್ ಹೊರಗೆ ಆಟೋದವರಿಗೆ ‘ಆಗಾಖಾನ್ ಪ್ಯಾಲೇಸ್’ ಎಂದೆ. ಅವರು ನನ್ನ ಮುಖ ನೋಡಿ, ‘ಇಷ್ಟು ಲಗೂ ಹೋಗಿ ಏನು ಮಾಡ್ತೀರಿ ಕಾಕಾ, ಬಾಗಿಲು ಒಂಬತ್ತಕ್ಕೆ ತೆಗೀತಾರೆ’ ಎಂದು ಮರಾಠಿಯಲ್ಲಿ ಹೇಳಿದರು. ಹಾಗಾದರೆ ಮೊದಲು ಯರವಡಾ ಜೈಲಿನ ಕಡೆಗೆ ಬಿಡಿ ಎಂದೆ. ಕನ್ನಡಿಯಲ್ಲಿ ಇನ್ನೊಮ್ಮೆ ನನ್ನನ್ನು ನೋಡಿದರು. ಒಳಗೆ ನಿಮ್ಮವರು ಯಾರಾದರೂ ಇದ್ದಾರಾ ಎಂದು ಕೇಳುವ ನೋಟ ಅದು. ಕೇಳಲಿಲ್ಲ.

ನಾನು ಬಂದದ್ದು ಒಬ್ಬ ಜೈಲರನನ್ನು ಹುಡುಕಿಕೊಂಡು. ಅವರ ಹೆಸರು ಅರ್ದೇಶೀರ್ ಎದುಲ್‌ಜಿ ಕಟೇಲಿ. ಪಾರ್ಸಿ ಗೃಹಸ್ಥರು, ಬಾಂಬೆ ಸರಕಾರದ ಬಂದೀಖಾನೆ ಇಲಾಖೆಯವರು. 1932ರಲ್ಲಿ ಗಾಂಧೀಜಿ, ವಲ್ಲಭಭಾಯಿ ಪಟೇಲ್, ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಯರವಡಾದಲ್ಲಿ ಇದ್ದಾಗ ಅಲ್ಲಿ ಜೈಲರ್ ಆಗಿದ್ದರು. ಹತ್ತು ವರ್ಷದ ಮೇಲೆ ಆಗಾಖಾನ್ ಅರಮನೆಯನ್ನೇ ಜೈಲು ಮಾಡಿ ಗಾಂಧೀಜಿಯನ್ನು ಅಲ್ಲಿ ಇಟ್ಟಾಗ ಅದರ ಸೂಪರಿಂಟೆಂಡೆಂಟ್ ಆಗಿ ಬಂದವರೂ ಇವರೇ. ಗಾಂಧೀಜಿಯ ಮೇಲೆ ಬಂದ ಪುಸ್ತಕಗಳಲ್ಲಿ ಈ ಹೆಸರು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಬಂದು ಹೋಗುತ್ತದೆ. ಓದುಗರು ಅವರನ್ನು ದಾಟಿ ಮುಂದೆ ಹೋಗುತ್ತಾರೆ. ನನಗೆ ದಾಟಲು ಆಗಲಿಲ್ಲ. ಅದಕ್ಕೆ ಕಾರಣ ನಮ್ಮಜ್ಜ.

ನಮ್ಮಜ್ಜ ಆಗಿನ ಧಾರವಾಡ ಜಿಲ್ಲೆಯಲ್ಲಿ ಪೊಲೀಸ್ ಸಿಪಾಯಿ. ನಾನು ಕಂಡಾಗ ಮುದುಕರು, ಹೆಚ್ಚು ಮಾತಿನವರಲ್ಲ. ಮನೆಯ ಗಳದ ಮೇಲೆ ಅವರ ಚರ್ಮದ ಪಟ್ಟಿ ಒಂದು ಜೋತುಬಿದ್ದಿರುತ್ತಿತ್ತು, ಹಿತ್ತಾಳೆಯ ಬಿಲ್ಲೆ ಕಪ್ಪಾಗಿತ್ತು. ಅದನ್ನು ಮುಟ್ಟಿದರೆ ಅಜ್ಜಿ ಬೈಯುತ್ತಿದ್ದಳು. ಅಜ್ಜನ ನೌಕರಿಯ ಕಥೆಗಳಲ್ಲಿ ನಮಗೆ ಸಿಕ್ಕದ್ದು ಒಂದೇ, ಅದೂ ಅಜ್ಜಿಯ ಬಾಯಿಂದ. ಚಳವಳಿಯ ಕಾಲ. ಠಾಣೆಯ ಲಾಕಪ್ಪಿನಲ್ಲಿ ನಾಲ್ಕು ಹುಡುಗರು, ಇನ್ನೂ ಮೀಸೆ ಮೂಡದವರು. ಆ ರಾತ್ರಿ ಪಹರೆ ಅಜ್ಜನದು. ಅವರು ಪೊಲೀಸ್ ಲೈನಿನ ಮನೆಗೆ ಬಂದು ಅಜ್ಜಿಯನ್ನು ಎಬ್ಬಿಸಿ ರೊಟ್ಟಿ ಬಡಿಸಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದೊಂದು ಉಳ್ಳಾಗಡ್ಡಿ. ನಾಲ್ಕು ಅರಿವಿಯಲ್ಲಿ ನಾಲ್ಕು ಗಂಟು ಕಟ್ಟಿಸಿಕೊಂಡು ಹೋದರು. ಮುಂಜಾನೆ ಅದೇ ಹುಡುಗರಿಗೆ ಬೇಡಿ ಹಾಕಿ ಫೌಜದಾರರ ಮುಂದೆ ನಿಲ್ಲಿಸಿದವರೂ ಅವರೇ. ಅಜ್ಜಿ ಕೇಳಿದಳಂತೆ: ‘ರೊಟ್ಟಿ ಕೊಡೂ ಮನಸ ಇದ್ರ, ಬಾಗಲಾನ ತಗದ ಬಿಡ್ಬೇಕಿತ್ತಲ್ಲ?’ ಅಜ್ಜ ಹೇಳಿದ್ದು: ‘ಕೀಲಿ ಸರಕಾರದ್ದು. ರೊಟ್ಟಿ ನಮ್ಮನೀದು.’

ಈ ಮಾತನ್ನು ನಾನು ಚಿಕ್ಕವನಿದ್ದಾಗ ಅಜ್ಜನ ದೊಡ್ಡಸ್ತಿಕೆ ಎಂದು ತಿಳಿದಿದ್ದೆ. ಕಾಲೇಜಿಗೆ ಬಂದ ಮೇಲೆ ಅದೇ ಮಾತಿಗೆ ಸಿಟ್ಟು ಬಂತು. ಈಗ ನನಗೂ ಅರವತ್ತು ದಾಟಿದೆ, ಮೂವತ್ತು ವರ್ಷ ನಾನೂ ಸರಕಾರದ ಪಗಾರ ಉಂಡಿದ್ದೇನೆ. ಆ ಮಾತು ಇನ್ನೂ ನುಂಗಲಾಗದೆ ಗಂಟಲಲ್ಲೇ ಇದೆ.

ಯರವಡಾ ಜೈಲಿನ ಮುಂದೆ ಆ ಹೊತ್ತಿಗಾಗಲೇ ಮುಲಾಖತ್ತಿಗೆ ಬಂದವರು ಕೂತಿದ್ದರು. ಪ್ಲಾಸ್ಟಿಕ್ ಚೀಲಗಳಲ್ಲಿ ಬಟ್ಟೆ, ಕೈಯಲ್ಲಿ ಆಧಾರ್ ಕಾರ್ಡಿನ ಝೆರಾಕ್ಸ್. ಒಬ್ಬ ಮುದುಕರು ಚೀಟಿ ಹಿಡಿದು ಪೇದೆಯ ಹತ್ತಿರ ಹೋದರು. ಆತ ಓದಿ, ಇವತ್ತು ನಿಮ್ಮ ವಾರ ಅಲ್ಲ ಬಾಬಾ ಎಂದ. ಮುದುಕರು ಹೋಗಲಿಲ್ಲ, ಆತ ಗದರಲೂ ಇಲ್ಲ. ತನ್ನ ಕುರ್ಚಿಯ ಪಕ್ಕದ ನೆರಳಿನಲ್ಲಿ ಅವರಿಗೆ ಜಾಗ ತೋರಿಸಿ ತನ್ನ ಕೆಲಸಕ್ಕೆ ಹೋದ. ಅಷ್ಟು ಹೊತ್ತಿಗೆ ಬಿಸಿಲು ಗೋಡೆಯ ಮೇಲಿನಿಂದ ಇಳಿಯತೊಡಗಿತ್ತು.

ಈ ಗೋಡೆ ಎದ್ದದ್ದು 1871ರಲ್ಲಿ. ಒಳಗಿನ ಮಾವಿನ ಮರದ ಕೆಳಗೆ 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಉಪವಾಸ ಮಲಗಿದ್ದು, ಅಂಬೇಡ್ಕರರು ಬಂದದ್ದು, ಪುಣೆ ಒಪ್ಪಂದವಾದದ್ದು ಎಲ್ಲರೂ ಓದಿದ ಚರಿತ್ರೆ. ಆದರೆ ನಮ್ಮ ಕಡೆಯವರು ಇಲ್ಲಿ ನಿಂತರೆ ಇನ್ನೊಂದು ದಿನವನ್ನು ನೆನೆಯಬೇಕು: 1931ರ ಜನವರಿ 12. ಸೊಲ್ಲಾಪುರದ ನಾಲ್ವರನ್ನು ಅಂದು ಇಲ್ಲಿ ಗಲ್ಲಿಗೆ ಹಾಕಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿ ಬಂದು ಸೊಲ್ಲಾಪುರ ಹೊತ್ತಿ ಉರಿದಾಗ, ಗೋಲಿಬಾರಿನಲ್ಲಿ ಜನ ಸತ್ತು, ಜನರ ಕೈಯಲ್ಲಿ ಪೊಲೀಸರು ಸತ್ತು, ಊರಿಗೆ ಮಾರ್ಷಲ್ ಲಾ ಬಂತು. ಪೊಲೀಸರನ್ನು ಕೊಂದ ಆರೋಪ ಈ ನಾಲ್ವರ ಮೇಲೆ. ಸೊಲ್ಲಾಪುರದಲ್ಲಿ ಅವರ ಹೆಸರಿನ ಚೌಕವಿದೆ. ಆ ಊರಿಗೆ ಹೋದಾಗಲೆಲ್ಲ ನಾನು ಅದನ್ನು ದಾಟಿದ್ದೇನೆ. ಇಲ್ಲಿಗೆ ಬರುವವರೆಗೆ ನನಗೆ ಹೊಳೆಯದಿದ್ದ ಸಂಗತಿಯೆಂದರೆ, ಆ ಬೆಳಗ್ಗೆ ಗಾಂಧೀಜಿಯೂ ಇದೇ ಜೈಲಿನಲ್ಲಿ ಇದ್ದರು. ಅವರ ಬಿಡುಗಡೆಯಾದದ್ದು ಅದೇ ಜನವರಿ 26ಕ್ಕೆ.

ನೇಣಿನ ಹಲಗೆ ಎಳೆದವನೂ ಇಲ್ಲಿನ ಪಗಾರದ ಮನುಷ್ಯನೇ ಇದ್ದಿರಬೇಕು. ಅವನ ಭಾಷೆ ಯಾವುದಿತ್ತೋ. ಆ ದಿನ ಮನೆಗೆ ಹೋಗಿ ಉಂಡನೋ ಇಲ್ಲವೋ.

ಆಗಾಖಾನ್ ಅರಮನೆ ಅಲ್ಲಿಂದ ದೂರವೇನಿಲ್ಲ, ನಗರ ರಸ್ತೆಯ ಮೇಲೆಯೇ ಇದೆ. ರಸ್ತೆಯ ಗದ್ದಲ ದಾಟಿ ಒಳಗೆ ಕಾಲಿಟ್ಟರೆ ಹಳೆಯ ಮರಗಳು, ಹುಲ್ಲು, ಮಧ್ಯದಲ್ಲಿ ಬೆಳ್ಳಗೆ ಕಮಾನುಗಳ ಸಾಲು. ಮೂರನೆಯ ಆಗಾಖಾನರು 1892ರಲ್ಲಿ ಕಟ್ಟಿಸಿದ್ದು. ನಾಲ್ಕನೆಯ ಆಗಾಖಾನರು 1969ರಲ್ಲಿ ಗಾಂಧೀಜಿಯ ನೆನಪಿಗೆಂದು ದಾನ ಕೊಟ್ಟರು. ಚಂದದ ಮನೆ ಎಂಬುದರಲ್ಲಿ ಅನುಮಾನವಿಲ್ಲ. ಅದೇ ಇಲ್ಲಿನ ಕಷ್ಟ ಕೂಡ. ಈ ವರಾಂಡದಲ್ಲಿ ನಿಂತವರಿಗೆ ಇದು ಸೆರೆಮನೆ ಆಗಿತ್ತು ಎಂದು ನಂಬುವುದು ಸುಲಭವಲ್ಲ. ಆಗ ಸುತ್ತಲೂ ಮುಳ್ಳುತಂತಿ, ಬಂದೂಕಿನ ಪಹರೆ ಇತ್ತು. ನಾನು ಒಬ್ಬನೇ ಮನುಷ್ಯ, ನನಗೆ ಇಷ್ಟು ಖರ್ಚಿನ ಕಾವಲು ಯಾಕೆ, ಯಾವುದಾದರೂ ಸಾದಾ ಜೈಲಿಗೆ ಹಾಕಿ ಎಂದು ಗಾಂಧೀಜಿ ಸರಕಾರಕ್ಕೆ ಬರೆದಿದ್ದರು.

ಅವರನ್ನು ಇಲ್ಲಿಗೆ ತಂದದ್ದು 1942ರ ಆಗಸ್ಟ್ 9ರಂದು. ಮುಂಬಯಿಯಲ್ಲಿ ನಸುಕಿಗೆ ಹಿಡಿದು, ಜನ ಸೇರಬಾರದೆಂದು ಪುಣೆಗೆ ಮೊದಲೇ ಚಿಂಚವಡದಲ್ಲಿ ರೈಲಿನಿಂದ ಇಳಿಸಿ, ಕಾರಿನಲ್ಲಿ ಕರೆತಂದರು. ಆರೇ ದಿನಕ್ಕೆ, ಆಗಸ್ಟ್ 15ರ ಬೆಳಗ್ಗೆ, ಮಹಾದೇವ ದೇಸಾಯಿ ಕುಸಿದು ಬಿದ್ದು ತೀರಿಕೊಂಡರು. ಬಂದೀಖಾನೆಗಳ ಮುಖ್ಯಾಧಿಕಾರಿ ಕರ್ನಲ್ ಭಂಡಾರಿ ಅಂದು ಭೇಟಿಗೆ ಬಂದಿದ್ದರು. ಅವರೊಡನೆ ಮಾತಾಡುತ್ತಿದ್ದಾಗಲೇ ಹೀಗಾಯಿತು. ಹೆಣವನ್ನು ಹೊರಗೆ ಒಯ್ಯುವುದಕ್ಕೆ ಗಾಂಧೀಜಿ ಒಪ್ಪಲಿಲ್ಲ. ಮಗನ ಹಾಗಿದ್ದವನನ್ನು ತಾವೇ ಮೀಯಿಸಿ, ಇದೇ ಆವರಣದಲ್ಲಿ ತಾವೇ ಬೆಂಕಿ ಕೊಟ್ಟರು. ಊರಿನಲ್ಲಿದ್ದ ಮಹಾದೇವರ ಹೆಂಡತಿ ಮಗನಿಗೆಂದು ಗಾಂಧೀಜಿ ಬರೆದುಕೊಟ್ಟ ತಂತಿ ಸರಕಾರದ ಮೇಜುಗಳಲ್ಲಿ ಸುತ್ತಿ, ತಡವಾಗಿ ತಲುಪಿತು. ತಡ ಮಾಡಿದವರು ಯಾರೂ ಕೆಟ್ಟವರಾಗಿರಬೇಕೆಂದಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಲಿನವರ ಸಹಿಗೆ ಕಾದಿರುತ್ತಾರೆ. ನಾನು ಕಚೇರಿಯಲ್ಲಿ ಕೂತವನು, ಆ ತಂತಿಯ ಮೇಲೆ ಬೀಳುತ್ತ ಹೋದ ಒಂದೊಂದು ಷರಾ ನನ್ನ ಕಣ್ಣಿಗೆ ಕಟ್ಟುತ್ತದೆ.

ಕಟೇಲಿಯವರ ಕೆಲಸ ಈ ಮನೆಯ ಒಳಗೇ. ಕೈದಿಗಳಿಗೆ ಬರುವುದು, ಹೋಗುವುದು ಎಲ್ಲ ಅವರ ಕೈ ದಾಟಬೇಕು. ಒಳಗಿದ್ದವರೆಲ್ಲ ಅವರನ್ನು ಸಜ್ಜನ ಎಂದೇ ನೆನೆದಿದ್ದಾರೆ. ಈ ಮನೆಯ ಕೈದಿಗಳಲ್ಲಿ ಇನ್ನೊಬ್ಬ ಪಾರ್ಸಿ ಇದ್ದರು, ಹೃದಯದ ವೈದ್ಯ ಡಾ. ಗಿಲ್ಡರ್. 1937ರಿಂದ 39ರವರೆಗೆ ಬಾಂಬೆ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಇದ್ದಾಗ ಗಿಲ್ಡರ್ ಮಂತ್ರಿ. ಆ ಎರಡು ವರ್ಷ ಜೈಲು ಇಲಾಖೆಯವರು ನಡೆದದ್ದು ಆ ಸರಕಾರದ ಹುಕುಮಿನಂತೆ. ಮೂರು ವರ್ಷ ಕಳೆಯುವುದರೊಳಗೆ ಅದೇ ಇಲಾಖೆ ಅದೇ ಮಂತ್ರಿಗಳ ಮೇಲೆ ಕೀಲಿ ತಿರುಗಿಸಿತು. ಹುಕುಮು ಬರುವ ಕುರ್ಚಿಯಲ್ಲಿ ಇಂದು ಒಬ್ಬರು ನಾಳೆ ಒಬ್ಬರು ಎಂಬುದನ್ನು ಇಷ್ಟು ಹತ್ತಿರದಿಂದ ಕಂಡ ನೌಕರನಿಗೆ, ಆ ಹುಕುಮಿನ ಮೇಲೆ ಎಂಥ ಭಕ್ತಿ ಉಳಿದಿದ್ದೀತು? ಆದರೂ ಕಟೇಲಿ ದಿನಾ ಎದ್ದು ಪಹರೆ ಎಣಿಸಿದರು.

1943ರ ಫೆಬ್ರುವರಿ 10ಕ್ಕೆ ಗಾಂಧೀಜಿ ಇಪ್ಪತ್ತೊಂದು ದಿನದ ಉಪವಾಸಕ್ಕೆ ಕೂತರು. ಉಪವಾಸದ ಮಟ್ಟಿಗೆ ಬಿಡುತ್ತೇವೆ ಎಂದು ಸರಕಾರ ಹೇಳಿತು; ಅವರು ಒಲ್ಲೆ ಎಂದರು. ಎಪ್ಪತ್ತಮೂರು ವರ್ಷದ ದೇಹ, ಹತ್ತು ದಿನ ಕಳೆಯುವುದರೊಳಗೆ ಉಳಿಯುವ ಆಸೆ ಹೋಗಿತ್ತು. ಈ ಹೊತ್ತಿನಲ್ಲಿ, ಫೆಬ್ರುವರಿ 17ರಂದು, ವೈಸರಾಯ್ ಕಾರ್ಯಕಾರಿ ಮಂಡಲಿಯ ಮೂವರು ಸದಸ್ಯರು ರಾಜೀನಾಮೆ ಕೊಟ್ಟರು: ಎಂ.ಎಸ್. ಅಣೆ, ಎನ್.ಆರ್. ಸರ್ಕಾರ್, ಹೋಮಿ ಮೋದಿ. ಮೋದಿ ಕೂಡ ಪಾರ್ಸಿಯೇ. ಅವರ ಮನಸ್ಸಾಕ್ಷಿ ಸ್ಪಷ್ಟವಾಗಿ ಮಾತಾಡಿತು, ಅವರು ಕುರ್ಚಿ ಬಿಟ್ಟು ಎದ್ದರು. ಅದು ದೊಡ್ಡದೇ, ಸಣ್ಣದು ಮಾಡಲು ನನಗೆ ಇಷ್ಟವಿಲ್ಲ.

ಆದರೆ ಪುಣೆಯ ಈ ವರಾಂಡದಲ್ಲಿ ನಿಂತು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ದಿಲ್ಲಿಯ ಕುರ್ಚಿ ಬಿಟ್ಟವರಿಗೆ ಹಿಂದೆ ಒಂದು ಬದುಕು ಕಾದಿತ್ತು. ಜೈಲಿನ ಪಗಾರ ಬಿಟ್ಟವನಿಗೆ? ನಮ್ಮಜ್ಜನಿಗೆ? ಐದು ಮಕ್ಕಳು, ಮಳೆ ಹಿಡಿದರೆ ಮಾತ್ರ ಬೆಳೆಯುವ ಎರಡು ಎಕರೆ. ನಾನು ಅಜ್ಜನ ಪರವಾಗಿ ವಾದ ಮಾಡುತ್ತಿದ್ದೇನೆ ಎಂದು ನನಗೆ ಗೊತ್ತು. ಇಲ್ಲಿ ವಾದವನ್ನು ನಿಲ್ಲಿಸಲೇಬೇಕಾದ ಒಂದು ತಾರೀಖಿದೆ. ಉಪವಾಸ ಮುಗಿದದ್ದು ಮಾರ್ಚ್ 3ಕ್ಕೆ. ಒಂದು ತಿಂಗಳೂ ಕಳೆದಿರಲಿಲ್ಲ, ಏಪ್ರಿಲ್ 1ರಂದು ನಮ್ಮ ಜಿಲ್ಲೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರನ್ನು ಪೊಲೀಸರು ಗುಂಡಿಟ್ಟು ಕೊಂದರು. ದಂಡಿಯಾತ್ರೆಗೆ ಕರ್ನಾಟಕದಿಂದ ಹೋಗಿ ಗಾಂಧೀಜಿಯೊಡನೆ ಸಮುದ್ರದವರೆಗೆ ನಡೆದ ಹುಡುಗ ಅವರು. ವಸೂಲಾದ ಕಂದಾಯದ ಹಣವನ್ನು ಇಟ್ಟಿದ್ದ ವೀರಭದ್ರ ದೇವರ ಗುಡಿಯ ಮೇಲೆ ದಾಳಿ ಮಾಡಿದಾಗ ಕಾವಲಿನವರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಿಂದಿನ ಆಗಸ್ಟಿನಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗೋಲಿಬಾರಿಗೆ ಬಲಿಯಾದ ನಾರಾಯಣ ಡೋಣಿ ಶಾಲೆಗೆ ಹೋಗುವ ಹುಡುಗ. ಬಂದೂಕು ಸರಕಾರದ್ದೇ, ಒಪ್ಪಿದೆ. ಕುದುರೆ ಎಳೆದ ಬೆರಳು?

ಅಜ್ಜ ಹೊಸರಿತ್ತಿಯಲ್ಲಿ ಇರಲಿಲ್ಲ. ಅದು ಅವರ ಪುಣ್ಯವೋ, ಡ್ಯೂಟಿ ಹಾಕಿದವರ ಪಟ್ಟಿಯ ಕಾಕತಾಳೀಯವೋ. ಇದ್ದಿದ್ದರೆ ಅಂದು ಅವರ ಮನೆಯ ರೊಟ್ಟಿಗೆ ಅಲ್ಲಿ ಜಾಗವಿರುತ್ತಿರಲಿಲ್ಲ.

ಕಟೇಲಿಯವರಿಗೆ ಅಂಥ ಗಳಿಗೆ ಬರದಂತೆ ನೋಡಿಕೊಂಡವರು ಅವರ ಕೈದಿಯೇ ಎಂದು ನನಗೆ ಅನಿಸುತ್ತದೆ. ಗಾಂಧೀಜಿ ಒಳ್ಳೆಯ ಕೈದಿ. ಸತ್ಯಾಗ್ರಹಿಯಾದವನು ಮಾನಕ್ಕೆ ಕುಂದಿಲ್ಲದ ಜೈಲಿನ ನಿಯಮಗಳನ್ನೆಲ್ಲ ಪಾಲಿಸಬೇಕು ಎಂಬುದು ಅವರ ಗಟ್ಟಿ ನಿಲುವು; 1924ರಲ್ಲಿ ಯರವಡಾದ ಅನುಭವಗಳನ್ನು ಬರೆದಾಗಲೂ ಅದನ್ನೇ ಹೇಳಿದರು. ಕದ್ದು ಬಂದ ಪತ್ರ ಬೇಡ, ಕದ್ದು ಬಂದ ಸುದ್ದಿ ಬೇಡ. ಜೈಲರನನ್ನು ಒಳಗೊಳಗೆ ತಮ್ಮ ಕಡೆ ಎಳೆದುಕೊಳ್ಳುವ ಆಟವನ್ನು ಅವರು ಆಡಲಿಲ್ಲ. ತಕರಾರಿದ್ದರೆ ಕಾಗದ ಬರೆದು ಸರಕಾರಕ್ಕೇ ಕಳಿಸುತ್ತಿದ್ದರು, ಅದೂ ಅದೇ ಜೈಲರನ ಕೈಯಲ್ಲಿ ಕೊಟ್ಟು. ಹೀಗಾಗಿ ಕಟೇಲಿಯವರಿಗೆ ಒಳಗೆ ಮನುಷ್ಯನಾಗಿ, ಹೊರಗೆ ನೌಕರನಾಗಿ, ಎರಡಕ್ಕೂ ಜಗಳ ಹಚ್ಚದೆ ಬಹಳ ದಿನ ಇರಲು ಆಯಿತು.

ಆ ಜಗಳ ಬಂದದ್ದು ಕಸ್ತೂರಬಾ ಮಲಗಿದಾಗ. ಮ್ಯೂಸಿಯಮ್ಮಿನ ಕೋಣೆಗಳಲ್ಲಿ ನಡೆಯುವಾಗ ಬಾ ಅವರ ಕೋಣೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಹೃದಯದ ಕಾಯಿಲೆ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಸಂಜೆಗೆ ಕೇರಂ ಆಡುವುದೆಂದರೆ ಇಷ್ಟ ಇದ್ದ ಹೆಣ್ಣುಮಗಳು ಹಾಸಿಗೆ ಬಿಟ್ಟು ಏಳದಾದರು. 1944ರ ಜನವರಿಯಿಂದ ಆಯುರ್ವೇದದ ವೈದ್ಯರು ಬೇಕು ಎಂದು ಕೇಳುತ್ತಿದ್ದರು. ಕಾಗದ ಹೋಗಿ, ಕಾಗದ ಬಂದು, ಕೊನೆಗೆ ಫೆಬ್ರುವರಿಯಲ್ಲಿ ಲಾಹೋರಿನ ವೈದ್ಯ ಶಿವಶರ್ಮರಿಗೆ ಅಪ್ಪಣೆ ಸಿಕ್ಕಿತು. ಅಪ್ಪಣೆ ಹಗಲಿಗೆ ಮಾತ್ರ. ರಾತ್ರಿ ಹೊರಗಿನವರು ಜೈಲಿನೊಳಗೆ ಮಲಗುವಂತಿಲ್ಲ. ಬಾ ಅವರಿಗೆ ಸಂಕಟ ಹೆಚ್ಚುವುದು ರಾತ್ರಿಯೇ. ವೈದ್ಯರು ಏನು ಮಾಡಿದರು ಎಂದರೆ, ಅರಮನೆಯ ಗೇಟಿನ ಮುಂದೆ ತಮ್ಮ ಕಾರು ನಿಲ್ಲಿಸಿ, ಅದರೊಳಗೆ ಮಲಗಿದರು. ಒಳಗೆ ಬಾ ನರಳಿದರೆ ಸೂಪರಿಂಟೆಂಡೆಂಟರನ್ನು ಎಬ್ಬಿಸಬೇಕು, ಪಹರೆಯವರನ್ನು ಎಬ್ಬಿಸಬೇಕು, ಗೇಟು ತೆಗೆಸಬೇಕು, ಆಮೇಲೆ ವೈದ್ಯರು ಬರಬೇಕು.

ಪುಣೆಯ ಫೆಬ್ರುವರಿಯ ರಾತ್ರಿಗಳು ತಣ್ಣಗೆ. ಗೇಟಿನ ಹತ್ತಿರ ಹೋಗಿ ನಿಂತು ನಾನು ಮನೆಯ ಕಡೆ ತಿರುಗಿ ನೋಡಿದೆ. ಬಾ ಅವರ ಕೋಣೆಗೂ ಇಲ್ಲಿಗೂ ಎಷ್ಟು ದೂರ? ಅಬ್ಬಬ್ಬಾ ಎಂದರೆ ಎರಡು ನಿಮಿಷದ ನಡಿಗೆ. ಈ ಎರಡು ನಿಮಿಷದ ನಡುವೆ ಕಟೇಲಿ ಇದ್ದರು. ವೈದ್ಯರೇ, ಒಳಗೆ ಬಂದು ವರಾಂಡದಲ್ಲಿ ಮಲಗಿ, ಮೇಲಿನವರು ಕೇಳಿದರೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ ಎಂದು ಹೇಳಬಹುದಿತ್ತು. ಏನಾಗುತ್ತಿತ್ತು? ಒಂದು ನೋಟಿಸು, ಹೆಚ್ಚೆಂದರೆ ವರ್ಗ. ಹೇಳಲಿಲ್ಲ. ಎಬ್ಬಿಸಿದಾಗಲೆಲ್ಲ ಎದ್ದಿರಬೇಕು, ತಾವೇ ಬಂದು ಗೇಟು ತೆಗೆಸಿರಬೇಕು. ಮುಖದಲ್ಲಿ ಸಂಕಟ ಇದ್ದಿರಬೇಕು. ಆದರೂ ವೈದ್ಯರು ಹೋದ ಮೇಲೆ ಮತ್ತೆ ಕೀಲಿ ಹಾಕಿಸಿದರು. ಕೊನೆಗೆ ನಿಯಮ ಸಡಿಲವಾದದ್ದು ಗಾಂಧೀಜಿ ಬರೆದ ಕಟುವಾದ ಕಾಗದದಿಂದ. ರೋಗಿಗೆ ಬೇಕಾದ ಉಪಚಾರ ಕೊಡಿ, ಇಲ್ಲವೆ ನನ್ನನ್ನು ಇಲ್ಲಿಂದ ಬೇರೆ ಜೈಲಿಗೆ ಒಯ್ಯಿರಿ, ಅವಳ ಸಂಕಟವನ್ನು ಕೈಕಟ್ಟಿ ನೋಡಿಕೊಂಡು ಇರಲಾರೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಅಷ್ಟು ಹೊತ್ತಿಗೆ ವೈದ್ಯರ ಕೈಯಲ್ಲಿ ಮಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ.

ನಾನು ಹುಡುಕಿಕೊಂಡು ಬಂದ ಕಟೇಲಿ ಸಿಕ್ಕಿದ್ದು ಈ ಗೇಟಿನ ಹತ್ತಿರ. ಒಳ್ಳೆಯ ಮನುಷ್ಯ, ನಿಜ. ಆದರೆ ಹುಕುಮು ಮುಟ್ಟದೆ ಬಿಟ್ಟ ಜಾಗಗಳಲ್ಲಿ ಮಾತ್ರ ಅವರ ಒಳ್ಳೆಯತನ ಓಡಾಡಿತು. ಹುಕುಮು ಬರೆದಿಟ್ಟ ಗೆರೆಯ ಹತ್ತಿರ ಬಂದಾಗ ನಿಂತುಬಿಟ್ಟಿತು. ಇದನ್ನು ಹೇಳುವುದು ನನಗೆ ಸುಲಭವಲ್ಲ, ಯಾಕೆಂದರೆ ಇದನ್ನು ಹೇಳಿದ ಮೇಲೆ ಅಜ್ಜನ ಬಗ್ಗೆಯೂ ಹೇಳಬೇಕಾಗುತ್ತದೆ. ನನ್ನ ಮೂವತ್ತು ವರ್ಷದ ಬಗ್ಗೆಯೂ.

ಬಾ ತೀರಿಕೊಂಡದ್ದು ಫೆಬ್ರುವರಿ 22ರ ಸಂಜೆ, ಶಿವರಾತ್ರಿಯ ದಿನ. ಮರುದಿನ ಇದೇ ಆವರಣದಲ್ಲಿ, ಮಹಾದೇವ ದೇಸಾಯಿಯವರ ಮಗ್ಗುಲಲ್ಲಿ, ಚಿತೆ ಸಿದ್ಧವಾಯಿತು. ಸುಮಾರು ನೂರೈವತ್ತು ಬಂಧುಗಳು, ಸ್ನೇಹಿತರು ಬರಲು ಸರಕಾರ ಒಪ್ಪಿತ್ತು. ಗಂಧದ ಕಟ್ಟಿಗೆ ತರಿಸೋಣವೇ ಎಂಬ ಮಾತು ಬಂತು. ಗಾಂಧೀಜಿ ಬೇಡವೆಂದರು: ಬಡವನ ಹೆಂಡತಿಗೆ ಗಂಧದ ಕಟ್ಟಿಗೆ ಎಲ್ಲಿಂದ? ಆಗ ಜೈಲಿನ ಕಡೆಯಿಂದ ಬಂದ ಉತ್ತರ ಎಲ್ಲರನ್ನೂ ಸುಮ್ಮನಾಗಿಸಿತು. ಕಟ್ಟಿಗೆ ನಮ್ಮ ಹತ್ತಿರ ಇದೆ. ಹಿಂದಿನ ವರ್ಷದ ಉಪವಾಸದಲ್ಲಿ ಗಾಂಧೀಜಿ ಉಳಿಯುವುದಿಲ್ಲವೆಂದು ತಿಳಿದು ತರಿಸಿಟ್ಟದ್ದು. ನನಗಾಗಿ ತಂದದ್ದಾದರೆ ಅವಳಿಗೂ ಆಗಬಹುದು ಎಂದು ಗಾಂಧೀಜಿ ಒಪ್ಪಿದರು.

ಗಂಧದ ನಾಡಿನವನಾದ ನನಗೆ ಈ ಕಟ್ಟಿಗೆಯ ಮಾತು ಮನಸ್ಸಿನಿಂದ ಹೋಗುವುದೇ ಇಲ್ಲ. ಒಂದು ವರ್ಷ ಪೂರ್ತಿ ಅದು ಈ ಆವರಣದ ಯಾವುದೋ ಕೋಣೆಯಲ್ಲಿ ಇತ್ತೆಂದೇ ನಾನು ಚಿತ್ರಿಸಿಕೊಳ್ಳುತ್ತೇನೆ. ಕೈದಿ ಬೆಳಗ್ಗೆ ಸಂಜೆ ಮಹಾದೇವರ ಸಮಾಧಿಗೆ ಹೂವು ಇಡಲು ನಡೆಯುತ್ತಿದ್ದಾಗ, ಆ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಆ ಕೀಲಿ ಕಟೇಲಿಯವರ ಗೊಂಚಲಿನಲ್ಲೇ ಇದ್ದಿರಬೇಕು. ಕೈದಿ ಸತ್ತರೆ ಏನು ಮಾಡಬೇಕೆಂದು ಮೊದಲೇ ಯೋಚಿಸುವುದು ನೌಕರಿ. ಆ ನೌಕರಿಗೆ ಯಾವ ಕಟ್ಟಿಗೆಯಾದರೂ ಸಾಕಿತ್ತು. ಗಂಧದ್ದೇ ಬೇಕು ಎಂದು ಆರಿಸಿದ ಕೈ ಯಾರದೋ, ಅದು ಹುಕುಮಿನಲ್ಲಿ ಇದ್ದಿರಲಾರದು.

ಸಮಾಧಿಗಳು ಅರಮನೆಯ ಹಿಂದೆ, ಮರಗಳ ನಡುವೆ. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ್ದು, ಎತ್ತರವಿಲ್ಲ, ಆಡಂಬರವಿಲ್ಲ. ಬಾ ಮತ್ತು ಮಹಾದೇವಭಾಯಿ ಪಕ್ಕಪಕ್ಕದಲ್ಲಿ, ಗಾಂಧೀಜಿಯ ಒಂದಿಷ್ಟು ಚಿತಾಭಸ್ಮ ಹತ್ತಿರದಲ್ಲೇ. 1944ರ ಮೇ 6ರ ಬೆಳಗ್ಗೆ ಬಿಡುಗಡೆಯಾದಾಗ ಗಾಂಧೀಜಿ ಮೊದಲು ಬರೆದ ಕಾಗದಗಳಲ್ಲಿ ಒಂದು ಈ ತುಂಡು ಜಾಗದ ಬಗ್ಗೆ: ಇದಕ್ಕೆ ಬಂದು ಹೋಗಲು ದಾರಿ ಬೇಕು ಎಂದು. ನಾನು ಹೋದಾಗ ಯಾರೋ ತುಳಸಿಗೆ ನೀರು ಹಾಕಿ ಹೋಗಿದ್ದರು, ಕಲ್ಲು ಒದ್ದೆಯಾಗಿತ್ತು. ಅಲ್ಲೇ ಕಟ್ಟೆಯ ಅಂಚಿಗೆ ಕೂತೆ.

ಅಜ್ಜಿ ಆ ಕಥೆಯನ್ನು ನಮಗೆ ಎಷ್ಟೋ ಸಲ ಹೇಳಿದ್ದಳು, ಪ್ರತಿ ಸಲವೂ ‘ರೊಟ್ಟಿ ನಮ್ಮನೀದು’ ಎಂಬಲ್ಲಿಗೆ ಮುಗಿಸುತ್ತಿದ್ದಳು. ಅಜ್ಜ ತೀರಿಕೊಂಡು ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತವಳು ಉಳಿದದ್ದನ್ನೂ ಹೇಳಿದಳು. ಮರುದಿನ ಅಜ್ಜ ಅರಿವಿಗಳನ್ನು ಮನೆಗೆ ತಂದರಂತೆ. ಮೂರು ಖಾಲಿ, ಎಣ್ಣೆಯ ಕಲೆ ಆಗಿತ್ತು. ನಾಲ್ಕನೆಯದು ಹಾಗೇ ಇತ್ತು. ಅವಳು ಕಟ್ಟಿದ ಗಂಟನ್ನು ಆ ಹುಡುಗ ಬಿಚ್ಚಿರಲಿಲ್ಲ. ಅಜ್ಜ ಆ ಗಂಟನ್ನು ಒಲೆಯ ಹತ್ತಿರ ಇಟ್ಟು, ಪಟ್ಟಿ ಬಿಚ್ಚಿ ಗಳಕ್ಕೆ ಹಾಕಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಅಂದು ಅವರೂ ಉಣ್ಣಲಿಲ್ಲ.